ಅರ್ಧ ಮಿಲಿಮೀಟರಿನ ದ್ವೀಪ ಮತ್ತು ಪುಷ್ಪಾವತಿಯ ಬೆರಳು

ಟೊರಾಂಟೋ ಪಕ್ಕದ ವಾನ್‌ನ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಆರೂಕಾಲು. ಬೀದಿಯಲ್ಲಿ ಇನ್ನೂ ಹಿಮ ಕರಗಿಸಲು ಉಪ್ಪು ಎರಚುವ ಲಾರಿಯ ಹಳದಿ ದೀಪ ಸುತ್ತುತ್ತಿದೆ. ಉದ್ದನೆಯ ಶೆಡ್ಡಿನ ಒಳಗೆ, ಕಿಟಕಿಯ ಪಕ್ಕದ ಮೇಜಿನಲ್ಲಿ, ಪುಷ್ಪಾವತಿ ಒಂದು ಸ್ಟೀಲು ಬೋಗುಣಿಯ ಬಿಸಿನೀರಿಗೆ ಎರಡೂ ಕೈ ಅದ್ದಿ ಕೂತಿದ್ದಾರೆ. ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾರೆ, ಬಿಡಿಸುತ್ತಾರೆ. ಚಳಿಗೆ ಸೆಟೆದ ಬೆರಳಿನಿಂದ ಒದ್ದೆ ಕಾಗದ ಮುಟ್ಟಿದರೆ ಹರಿದುಹೋಗುತ್ತದೆ. ಹತ್ತು ನಿಮಿಷದ ನಂತರ ಕೈ ಒರೆಸಿಕೊಂಡು, ಗೋಂದು ಹಚ್ಚಿದ ಮೊದಲ ಕಾಗದದ ಪಟ್ಟಿಯನ್ನು ಎತ್ತಿ ಬಿಳಿಯ ಚೆಂಡಿನ ಮೇಲೆ ಇಡುತ್ತಾರೆ. ಆಫ್ರಿಕಾದ ಪಶ್ಚಿಮ ತೀರ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಇದು ಗ್ಲೋಬು ಮಾಡುವ ಕಾರ್ಖಾನೆ. ಶಾಲೆಗಳಿಗೆ ಹೋಗುವ ಸಣ್ಣ ಗ್ಲೋಬುಗಳನ್ನು ಯಂತ್ರವೇ ಒತ್ತಿ ತೆಗೆಯುತ್ತದೆ. ಗ್ರಂಥಾಲಯಗಳಿಗೆ, ಕಚೇರಿಗಳಿಗೆ, ಆಸೆಪಟ್ಟು ಕೊಳ್ಳುವವರಿಗೆ ಹೋಗುವ ಹದಿನಾರು ಇಂಚಿನ ದೊಡ್ಡ ಗ್ಲೋಬನ್ನು ಮಾತ್ರ ಕೈಯಲ್ಲೇ ಮಾಡಬೇಕು. ಭೂಪಟವನ್ನು ಹದಿನೆಂಟು ಉದ್ದ ಪಟ್ಟಿಗಳಾಗಿ ಮುದ್ರಿಸಿ, ಎರಡೂ ತುದಿ ಚೂಪಾಗಿ ಕತ್ತರಿಸಿ, ಒಂದರ ಪಕ್ಕ ಒಂದು ಅಂಟಿಸುತ್ತಾರೆ. ಪುಷ್ಪಾವತಿ ಈ ಪಟ್ಟಿಗಳನ್ನು ‘ಎಲೆ’ ಎನ್ನುತ್ತಾರೆ. ದಿನಕ್ಕೆ ಮೂರು ಗ್ಲೋಬು, ಐವತ್ತನಾಲ್ಕು ಎಲೆ, ಮೇಲೆ ಕೆಳಗೆ ಧ್ರುವಗಳಿಗೆ ಒಂದೊಂದು ಟೊಪ್ಪಿ. ಹದಿನಾಲ್ಕು ವರ್ಷದಿಂದ ಇದೇ ಮೇಜು.

“ಒದ್ದೆಯಾದ ಕಾಗದ ಹಿಗ್ತದೆ. ಎಷ್ಟು ಹಿಗ್ತದೆ ಅಂತ ಯಾವ ಪುಸ್ತಕದಲ್ಲೂ ಇಲ್ಲ,” ಎನ್ನುತ್ತಾರೆ ಎರಡನೆಯ ಎಲೆಯ ಅಂಚನ್ನು ಹೆಬ್ಬೆರಳಿನಿಂದ ತೀಡುತ್ತ. “ಹೀಟರ್ ಜಾಸ್ತಿ ಇದ್ರೆ ಒಂದು ಲೆಕ್ಕ, ಹೊರಗೆ ಸ್ನೋ ಬಿದ್ರೆ ಇನ್ನೊಂದು. ಕೈಗೆ ಗೊತ್ತಾಗ್ತದೆ, ಅಷ್ಟೇ.”

ಆ ಕೈ ಕಲಿತದ್ದು ಬೀಡಿ ಕಟ್ಟಿ. ಉಡುಪಿಯ ಕಡೆ, ಸ್ವರ್ಣಾ ನದಿ ಕಡಲು ಸೇರುವ ಮುನ್ನ ತನ್ನ ಮಡಿಲಲ್ಲಿ ಇಟ್ಟುಕೊಂಡಿರುವ ಕುದ್ರುಗಳಲ್ಲಿ ಒಂದು ಇವರ ಊರು. ಕುದ್ರು ಎಂದರೆ ಸುತ್ತ ಹೊಳೆ, ನಡುವೆ ನೆಲ. ಇಪ್ಪತ್ತಾರು ಮನೆ, ಒಂದು ದೋಣಿ. ಹನ್ನೆರಡನೆಯ ವಯಸ್ಸಿನಿಂದ ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಹುಡುಗಿಗೆ, ಮದುವೆಯಾಗಿ ಅದೇ ಕುದ್ರುವಿನ ಇನ್ನೊಂದು ಮನೆಗೆ ಸೇರಿದ ಮೇಲೂ ಕೆಲಸ ಬದಲಾಗಲಿಲ್ಲ. ತೊಂಬತ್ತರ ದಶಕದಲ್ಲಿ ಗ್ರಾಮ ಪಂಚಾಯತಿಗೆ ಮಹಿಳಾ ಮೀಸಲಾತಿ ಬಂತು. ದೋಣಿ ದಾಟಿ ಬಂದವರು “ನೀವೇ ನಿಲ್ಲಿ” ಎಂದರು. ನಿಂತರು, ಗೆದ್ದರು.

ಮೊದಲ ಸಭೆಯಲ್ಲಿ ಕುದ್ರುವಿಗೆ ಕರೆಂಟು ಕೇಳಿದಾಗ ಕಾರ್ಯದರ್ಶಿ ಗೋಡೆಯ ನಕ್ಷೆ ತೋರಿಸಿದರಂತೆ. ಅದರಲ್ಲಿ ಇವರ ಊರಿನ ಜಾಗದಲ್ಲಿ ಬರೀ ನೀಲಿ ಬಣ್ಣ. “ನಕ್ಷೆಯಲ್ಲಿ ಇಲ್ಲದ ಜಾಗಕ್ಕೆ ಕಂಬ ಎಲ್ಲಿ ಹಾಕುವುದಮ್ಮ, ಅಂತ ಕೇಳಿದ್ರು. ತಮಾಷೆಗೆ ಅಲ್ಲ ಮಾರಾಯ್ರೆ, ನಿಜವಾಗಿ ಕೇಳಿದ್ದು. ನಾನು ಅಲ್ಲಿಂದ ಎದ್ದು ಬಂದವಳು ಅವರ ಎದುರೇ ಕೂತಿದ್ದೇನೆ!” ಸರ್ವೆಯವರನ್ನು ದೋಣಿ ಹತ್ತಿಸಲು ಮೂರು ವರ್ಷ ಹಿಡಿಯಿತು. ಅವರ ಅವಧಿ ಮುಗಿಯುವುದರೊಳಗೆ ಕುದ್ರು ನಕ್ಷೆಗೂ ಬಂತು, ಕಂಬಗಳೂ ಬಂದವು.

ಗಂಡ ಸುಧೀರ ಹೋಟೆಲು ಅಡುಗೆಯವರು. ಗಲ್ಫಿನಲ್ಲಿ ಹತ್ತು ವರ್ಷ ದುಡಿದು, ಟೊರಾಂಟೋದ ನಾರ್ತ್ ಯಾರ್ಕಿನ ಒಂದು ರೆಸ್ಟೋರೆಂಟಿಗೆ ಬಂದರು. ಹೆಂಡತಿ ಮತ್ತು ಹತ್ತು ವರ್ಷದ ಮಗಳು ನಿಶ್ಮಿತಾ ಹಿಂದೆಯೇ ಬಂದರು. ಥಾರ್ನ್‌ಹಿಲ್‌ನ ಬೇಸ್‌ಮೆಂಟಿನಲ್ಲಿ ಸಂಸಾರ. ಮೊದಲ ಎರಡು ಚಳಿಗಾಲ ಪುಷ್ಪಾವತಿ ಕೋಳಿ ಮಾಂಸ ಪ್ಯಾಕ್ ಮಾಡುವ ತಂಪು ಕೋಣೆಯಲ್ಲಿ ನಿಂತು ಕೆಲಸ ಮಾಡಿದರು. ಬೆರಳ ಸಂದುಗಳು ಬಿರಿದು ರಕ್ತ ಬರುತ್ತಿತ್ತು. ಒಂದು ಭಾನುವಾರ ದೇವಸ್ಥಾನದ ಊಟದ ಸಾಲಿನಲ್ಲಿ ಗದಗಿನ ಬಸವೇಶ ಎಂಬವರು ಪುಷ್ಪಾವತಿಯ ಕೈ ನೋಡಿದರು. ಬಸವೇಶ ಪ್ರಿಂಟಿಂಗ್ ಪ್ರೆಸ್ಸಿನ ಮನೆತನದವರು. ಈ ಗ್ಲೋಬು ಕಾರ್ಖಾನೆಯಲ್ಲಿ ಮುದ್ರಣ ನೋಡಿಕೊಳ್ಳುತ್ತಾರೆ.

“ಎಲಿ ಇಟ್ಟಿದ್ರು ಊಟಕ್ಕ. ಸೀಳಿದ ಎಲಿ. ಈ ಅಕ್ಕಾರು ಮಾತಾಡಕೋತನ ಆ ಸೀಳನ್ನ ಬೆರಳಾಗ ಕೂಡಿಸಿ, ಸಾರು ಹನಿ ಸೋರದಂಗ ಮಾಡಿದ್ರು ನೋಡ್ರಿ,” ಎಂದು ಬಸವೇಶ ನಗುತ್ತಾರೆ. “ಮರುದಿನಾನೇ ಕರಕೊಂಡು ಬಂದೆ.”

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು. ಹೊಸ ಆವೃತ್ತಿಯ ನಕ್ಷೆಯ ಮೊದಲ ಹಾಳೆಗಳು ಮೇಜಿಗೆ ಬಂದವು. ಪೆಸಿಫಿಕ್ ಸಾಗರದ ಎಲೆಯನ್ನು ಬೆಳಕಿಗೆ ಹಿಡಿದ ಪುಷ್ಪಾವತಿಗೆ ಏನೋ ಕಡಿಮೆಯಾದಂತೆ ಕಂಡಿತು. ಎಡ ಅಂಚಿನಲ್ಲಿ ಒಂದು ಚುಕ್ಕೆ ಇರಬೇಕಿತ್ತು. ನಿಯುವೆ ಎಂಬ ದ್ವೀಪ. ಅಂಚಿನಿಂದ ಬರೀ ಅರ್ಧ ಮಿಲಿಮೀಟರು ದೂರದ ಸಾಸಿವೆಗಿಂತ ಸಣ್ಣ ಚುಕ್ಕೆ. ಅದರ ಹೆಸರಿನ ಅರ್ಧ ಈ ಎಲೆಯಲ್ಲಿ, ಅರ್ಧ ಪಕ್ಕದ್ದರಲ್ಲಿ. ಅಂಟಿಸುವಾಗ ಕೂದಲೆಳೆ ಹೆಚ್ಚುಕಡಿಮೆಯಾದರೂ ಅಕ್ಷರ ಮುರಿಯುತ್ತಿತ್ತು, ಚುಕ್ಕೆ ಪಕ್ಕದ ಎಲೆಯ ಅಡಿಗೆ ಹೋಗುತ್ತಿತ್ತು. ಹತ್ತು ಗ್ಲೋಬಿನಲ್ಲಿ ಮೂರು ಅದೊಂದೇ ಕಾರಣಕ್ಕೆ ತಪಾಸಣೆಯಿಂದ ವಾಪಸ್ಸು ಬರುತ್ತಿದ್ದವು.

“ಬಸವೇಶರೆ, ಇಲ್ಲಿದ್ದ ಊರು ಎಲ್ಲಿ ಹೋಯ್ತು?”

“ತಗದ್ಬಿಟ್ಟಾರ್ರೀ ಅಕ್ಕಾರ. ಜೋಡಣಿಗೆ ಬರ್ತಿತ್ತಲ್ಲ. ಮ್ಯಾಗಿನ ಆರ್ಡರು.”

ಆರ್ಡರು ಕೊಟ್ಟವರು ಆಗಷ್ಟೇ ಸೇರಿದ್ದ ಪ್ರೊಡಕ್ಷನ್ ಮ್ಯಾನೇಜರ್ ರಾಘವ್, ಬೆಂಗಳೂರಿನ ಎಂಜಿನಿಯರ್. ಕೈಗ್ಲೋಬಿನ ವಿಭಾಗವನ್ನೇ ಮುಚ್ಚಬೇಕೆಂಬ ಮಾತು ಮೇಲೆ ನಡೆಯುತ್ತಿತ್ತು. ರಿಜೆಕ್ಟ್ ಕಡಿಮೆ ಮಾಡಿ ಅದನ್ನು ಉಳಿಸುವುದು ಅವರ ಲೆಕ್ಕಾಚಾರ. ಪುಷ್ಪಾವತಿ ಹೋಗಿ ಕೇಳಿದಾಗ ಅವರು ಸಮಾಧಾನದಿಂದಲೇ ಉತ್ತರಿಸಿದರು. “ಆಂಟಿ, ಅಲ್ಲಿರೋದು ಸಾವಿರದ ಏಳ್ನೂರು ಜನ ಅಷ್ಟೇ. ನಮ್ಮ ಈ ಇಂಡಸ್ಟ್ರಿಯಲ್ ಪ್ಲಾಜಾದಲ್ಲೇ ಅದಕ್ಕಿಂತ ಜಾಸ್ತಿ ಜನ ಇದಾರೆ. ಯಾರೂ ನೋಟಿಸ್ ಮಾಡಲ್ಲ. ನಿಮ್ ಕೆಲ್ಸ ಉಳಿಯೋದು ನೋಡಿ.”

ಅಂದು ಸಂಜೆ ಮನೆಯಲ್ಲಿ ಮಗಳಿಗೆ ತುಳುವಿನಲ್ಲಿ ಎಲ್ಲ ಹೇಳಿದರು. ಈಗ ಇಪ್ಪತ್ತರ ನಡುವಿನಲ್ಲಿರುವ ನಿಶ್ಮಿತಾ ಇಂಗ್ಲಿಷಿನಲ್ಲಿ, “ಅಮ್ಮಾ, ಇಟ್ಸ್ ಜಸ್ಟ್ ಎ ಡಾಟ್,” ಎಂದಳು. ಶನಿವಾರ ಪುಷ್ಪಾವತಿ ಲೈಬ್ರರಿಗೆ ಹೋಗುವಾಗ ಮಗಳನ್ನು ಜೊತೆಗೆ ಕರೆದೊಯ್ದರು. ನಿಶ್ಮಿತಾ ಓದಿ ಹೇಳಿದಳು, ಇವರು ಕೇಳಿದರು.

ಸಮುದ್ರದಿಂದ ಮೇಲೆದ್ದ ಹವಳದ ಬಂಡೆ ನಿಯುವೆ. ಸುತ್ತ ಕಡಿದಾದ ದಡ. ಬಂದರಿಗೆ ಬಂದ ಸಣ್ಣ ದೋಣಿಗಳನ್ನು ಕ್ರೇನಿನಿಂದ ಎತ್ತಿ ಮೇಲಿಡುತ್ತಾರೆ. ಒಂದು ನದಿಯಿಲ್ಲ, ಕೆರೆಯಿಲ್ಲ. ಬಿದ್ದ ಮಳೆ ಸುಣ್ಣಕಲ್ಲಿನೊಳಗೆ ಇಳಿದುಹೋಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಬಂದ ಒಂದು ಚಂಡಮಾರುತ ಆಸ್ಪತ್ರೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಅಲ್ಲಿಯವರು ನ್ಯೂಜಿಲೆಂಡಿನ ಪೌರರು. ದ್ವೀಪದಲ್ಲಿ ಇರುವವರಿಗಿಂತ ಎಷ್ಟೋ ಪಟ್ಟು ಹೆಚ್ಚು ಮಂದಿ ಆ ದೇಶಕ್ಕೇ ಹೋಗಿ ನೆಲೆಸಿದ್ದಾರೆ. ಆದರೆ ೧೯೭೪ರಿಂದ ತಮ್ಮ ಆಡಳಿತ ತಮ್ಮದೇ. ತಮ್ಮ ಕಾನೂನು ತಾವೇ ಮಾಡಿಕೊಳ್ಳುತ್ತಾರೆ. ಇಪ್ಪತ್ತು ಮಂದಿಯ ಶಾಸನಸಭೆ: ಹದಿನಾಲ್ಕು ಹಳ್ಳಿಗೆ ಒಬ್ಬೊಬ್ಬರಂತೆ ಹದಿನಾಲ್ಕು, ಇಡೀ ದ್ವೀಪ ಸೇರಿ ಆರಿಸುವ ಆರು ಮಂದಿ.

“ತೊಯಿ ಅಂತ ಒಂದು ಊರು ಉಂಟು ಅಲ್ಲಿ,” ಎನ್ನುವಾಗ ಪುಷ್ಪಾವತಿಯ ದನಿ ಏರುತ್ತದೆ. “ಇರುವುದು ಮೂವತ್ತು ನಲುವತ್ತು ಜನ. ಅವರಿಗೂ ಒಬ್ಬ ಮೆಂಬರ್! ಪಂಚಾಯತಿಗೆ ಅಲ್ಲ, ದೇಶದ ಅಸೆಂಬ್ಲಿಗೆ. ಅಷ್ಟು ಕಡಿಮೆ ಜನ, ಪಕ್ಕದ ಊರಿಗೆ ಸೇರಿಸುವ ಅಂತ ಯಾರೂ ಹೇಳ್ಲಿಲ್ಲ. ಅಂಥವರನ್ನು ನಾವು ಇಲ್ಲಿ ಕೂತು, ಅಂಟಿಸ್ಲಿಕ್ಕೆ ಕಷ್ಟ ಅಂತ ಅಳಿಸುವುದಾ?”

ಸೋಮವಾರ ಮತ್ತೆ ರಾಘವ್ ಎದುರು ನಿಂತರು. ನಕ್ಷೆ ಕತ್ತರಿಸುವ ಗೆರೆಯನ್ನೇ ಸ್ವಲ್ಪ ಸರಿಸಬಹುದಲ್ಲ ಎಂದು ಕೇಳಿದರು. ರಾಘವ್ ಬೇಸರಿಸಲಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಗೆರೆಗಳನ್ನೂ ಹತ್ತು ಡಿಗ್ರಿ ಸರಿಸಿ ತೋರಿಸಿದರು.

“ನೋಡಿ ಆಂಟಿ, ನಿಯುವೆ ಸೇಫ್. ಆದ್ರೆ ಈಗ ಟೊರಾಂಟೋನೇ ಜೋಡಣೆಯ ಸೀಮ್ ಹತ್ರ ಬಂತು. ನಾವೇ ಸೀಮಲ್ಲಿ ಸಿಕ್ಕಾಕ್ಕೊಂಡ್ವಿ,” ಎಂದು ನಕ್ಕರು.

“ಹಾಗಾದ್ರೆ ಟೊರಾಂಟೋ ತೆಗೀಬಹುದಲ್ಲ?”

ರಾಘವರ ನಗು ನಿಂತಿತು. ಆ ಕ್ಷಣವನ್ನು ಅವರು ಇಂದಿಗೂ ಮರೆತಿಲ್ಲ. “ನಾನು ಜೋಕ್ ಅನ್ಕೊಂಡೆ. ಮುಖ ನೋಡಿದ್ರೆ ಅವ್ರು ಸೀರಿಯಸ್ಸಾಗೇ ಕೇಳ್ತಿದ್ರು. ಆಮೇಲೆ ಕೇಳ್ದೆ, ಸರಿ, ನೀವೇ ಹೇಳಿ, ಹೆಂಗ್ ಮಾಡೋದು ಅಂತ.”

ಪುಷ್ಪಾವತಿ ಎರಡು ದಿನದ ಸಮಯ ಕೇಳಿ, ಮೇಜಿನ ಮುಂದೆ ಕೂತು ಯೋಚಿಸಿದರು. ಸಾಮಾನ್ಯವಾಗಿ ಎಡಗಡೆಯ ಎಲೆಯ ಅಂಚು ಬಲಗಡೆಯ ಎಲೆಯ ಮೇಲೆ ಒಂದು ಚೂರು ಹತ್ತಿ ಕೂರುತ್ತದೆ. ನಿಯುವೆ ಮುಳುಗುತ್ತಿದ್ದದ್ದು ಅಲ್ಲಿ. ಹಾಗಾದರೆ ನಿಯುವೆ ಇರುವ ಎಲೆಯನ್ನು ಎಲ್ಲಕ್ಕಿಂತ ಕೊನೆಗೆ, ಎರಡೂ ಕಡೆಯ ಎಲೆಗಳ ಮೇಲೆ ಬರುವಂತೆ ಅಂಟಿಸಿದರೆ? ಹೆಸರನ್ನು ಬಲಕ್ಕೆ, ಖಾಲಿ ಸಮುದ್ರದ ಕಡೆ ಸರಿಸಿದರೆ? ಕೇಳಲು ಸುಲಭ. ಆದರೆ ಕೊನೆಯ ಎಲೆಯೇ ಅತಿ ಕಷ್ಟದ್ದು. ಹಿಂದಿನ ಹದಿನೇಳು ಎಲೆಗಳಲ್ಲಿ ಆದ ಸಣ್ಣಪುಟ್ಟ ತಪ್ಪೆಲ್ಲ ಒಟ್ಟಾಗಿ ಅಲ್ಲಿಗೆ ಬಂದು ನಿಲ್ಲುತ್ತದೆ. ಉಳಿದ ಸಂದು ಒಮ್ಮೆ ಅಗಲ, ಒಮ್ಮೆ ಕಿರಿದು. ಅದಕ್ಕೇ ಎಲ್ಲರೂ ಕೊನೆಯ ಎಲೆಯಾಗಿ ಬಹುಪಾಲು ನೀರೇ ಇರುವ ಪಟ್ಟಿಯನ್ನು ಆರಿಸಿಕೊಳ್ಳುತ್ತಿದ್ದರು, ತಪ್ಪಿದರೂ ಕಾಣದಿರಲಿ ಎಂದು.

ರಾಘವ್ ಹತ್ತು ಗ್ಲೋಬಿನ ಅವಕಾಶ ಕೊಟ್ಟರು. ಬಸವೇಶ ಆ ಚುಕ್ಕೆ ಮರಳಿಸಿ, ಅದರ ಹೆಸರು ಬಲಕ್ಕೆ ಸರಿಸಿ ಹಾಳೆ ಮುದ್ರಿಸಿಕೊಟ್ಟರು. ಒಂದು ವಾರ ಪುಷ್ಪಾವತಿ ಸ್ಟೀಲ್ಸ್ ರಸ್ತೆಯಲ್ಲಿ ಮೊದಲ ಬಸ್ಸು ಹಿಡಿದು, ಐದೂವರೆಗೇ ಮೇಜಿಗೆ ಬಂದರು. ಮೊದಲ ಮೂರು ಸರಿಯಾಗಿ ಬಂದವು. ನಾಲ್ಕನೆಯದರಲ್ಲಿ ಕೊನೆಯ ಎಲೆ ಸುಕ್ಕಾಯಿತು. ತೆಗೆಯಲು ಹೋದರೆ ಹರಿಯಿತು. ಅಂದು ಅವರು ಊಟದ ಡಬ್ಬಿ ತೆರೆಯಲಿಲ್ಲ ಎನ್ನುತ್ತಾರೆ ಬಸವೇಶ. “ಬಿಡ್ರಿ ಅಕ್ಕಾರ, ನಾಳಿಗೆ ಮಾಡೂಣು ಅಂದೆ. ಇಲ್ಲ ಅಂತ ಮುಂದಿನ ಚಂಡು ತಗೊಂಡ್ರು.”

ಹತ್ತರಲ್ಲಿ ಒಂಬತ್ತು ತಪಾಸಣೆ ದಾಟಿದವು. ರಾಘವ್ ಭೂತಗನ್ನಡಿ ಹಿಡಿದು ತಾವೇ ಒಂದೊಂದನ್ನೂ ನೋಡಿದರು. ಮರುದಿನ ಹೊಸ ಆವೃತ್ತಿಯ ಹಾಳೆಯಲ್ಲಿ ಚುಕ್ಕೆಯೂ ಹೆಸರೂ ಮರಳಿದವು. ಕೈಗ್ಲೋಬಿನ ವಿಭಾಗ ಸದ್ಯಕ್ಕೆ ಉಳಿದಿದೆ. ಯಂತ್ರದ ಸಣ್ಣ ಗ್ಲೋಬಿನಲ್ಲಿ ಮಾತ್ರ ಇಂದಿಗೂ ನಿಯುವೆ ಇಲ್ಲ. ಅದನ್ನು ಪುಷ್ಪಾವತಿ ಮುಚ್ಚಿಡುವುದಿಲ್ಲ. “ಶಾಲೆಯ ಮಕ್ಕಳು ನೋಡುವುದು ಅದನ್ನೇ ಅಲ್ವಾ. ಅಲ್ಲಿಗೆ ನನ್ನ ಕೈ ಎಟುಕುವುದಿಲ್ಲ. ರಾಘವರಿಗೆ ತಿಂಗಳಿಗೊಮ್ಮೆ ನೆನಪು ಮಾಡ್ತೇನೆ. ಪಾಪ, ಈಗ ನನ್ನನ್ನು ಕಂಡ್ರೆ ದಾರಿ ಬದಲಿಸ್ತಾರೆ!”

ಕಳೆದ ಆಗಸ್ಟಿನಲ್ಲಿ ಆಕ್ಲೆಂಡಿನಲ್ಲಿ ನೆಲೆಸಿರುವ ನಿಯುವೆಯವರ ಒಂದು ಪ್ರಾರ್ಥನಾ ಮಂದಿರದಿಂದ ಒಂದು ಗ್ಲೋಬಿಗೆ ಬೇಡಿಕೆ ಬಂತು. ಪೆಟ್ಟಿಗೆಯೊಳಗೆ ಪುಷ್ಪಾವತಿಯ ಹೆಸರಿನ ಒಂದು ಚೀಟಿ ಇಡೋಣವೇ ಎಂದು ರಾಘವ್ ಕೇಳಿದ್ದರು. ಅವರು ಬೇಡವೆಂದರು. ಗ್ಲೋಬು ಹೋಯಿತು, ಅಲ್ಲಿಂದ ಯಾವ ಪತ್ರವೂ ಬರಲಿಲ್ಲ. ಸರಿಯಾಗಿದೆ ಎಂದೇ ಅದರ ಅರ್ಥ ಎನ್ನುತ್ತಾರೆ ಅವರು. ತಪ್ಪಿದ್ದರೆ ಖಂಡಿತ ಬರೆಯುತ್ತಿದ್ದರು.

ಮುಂದಿನ ವರ್ಷ ಕೆಲಸ ಬಿಡುವ ಯೋಚನೆಯಿದೆ. ಮಣಿಕಟ್ಟು ನೋಯುತ್ತದೆ. ಒಮ್ಮೆ ಆ ದ್ವೀಪಕ್ಕೆ ಹೋಗಿಬರುವ ಆಸೆಯಿಲ್ಲವೇ ಎಂದರೆ ಗೋಂದಿನ ಕುಂಚ ತೊಳೆಯುತ್ತ ತುಸು ಯೋಚಿಸುತ್ತಾರೆ.

“ದೂರ ಅಲ್ವಾ, ಆಗ್ಲಿಕ್ಕಿಲ್ಲ. ಆದ್ರೂ ಹೋದ್ರೆ ನಾನು ಸಮುದ್ರ ನೋಡ್ಲಿಕ್ಕೆ ಹೋಗುವುದಲ್ಲ. ಅಸೆಂಬ್ಲಿ ಕೂರುವ ದಿನ ಹೋಗ್ಬೇಕು. ಹಿಂದೆ ಎಲ್ಲಿಯಾದ್ರೂ ಒಂದು ಕುರ್ಚಿಯಲ್ಲಿ ಸುಮ್ಮನೆ ಕೂರ್ತೇನೆ. ತೊಯಿಯ ಮೆಂಬರ್ ಎದ್ದು ನಿಂತು ಮಾತಾಡುವಾಗ ಉಳಿದ ಹತ್ತೊಂಬತ್ತು ಜನ ಬಾಯಿ ಮುಚ್ಚಿ ಕೇಳ್ತಾರಲ್ಲ, ಅದನ್ನೊಂದು ಕಣ್ಣಾರೆ ನೋಡ್ಬೇಕು.”