ಪಿಂಕಿಯ ಮೈಗೆ ತಿಕ್ಕಿದ ಹುಳುವಿನ ಪುಡಿ

2006ರಲ್ಲಿ ನಾನು ಚನ್ನಪಟ್ಟಣ ತಾಲ್ಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಅಲ್ಲಿಯವರೆಗೆ ನನ್ನ ಬಳಿ ಬರುತ್ತಿದ್ದದ್ದು ಸೀಮೆಹಸು, ಎಮ್ಮೆ, ಕುರಿ. ಆಮೇಲೆ ಪೊಮೆರೇನಿಯನ್ ನಾಯಿಗಳೂ ಬರತೊಡಗಿದವು. ಕಾರ್ಖಾನೆಯ ಅಧಿಕಾರಿಗಳು ಆಸೆಪಟ್ಟು ಸಾಕುವುದು, ವರ್ಗವಾದ ಕೂಡಲೇ ಮನೆಗೆಲಸದವರಿಗೋ ಕಾವಲುಗಾರರಿಗೋ ದಾಟಿಸಿ ಹೊರಡುವುದು. ದಾನ ಮಾಡಿದೆವೆಂಬ ಹೆಮ್ಮೆ ಬೇರೆ! ಅಂಥ ಒಂದು ನಾಯಿಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೊಂಗನೂರಿನ ಜಯಮ್ಮ ಅದನ್ನು ಮೊದಲು ಕರೆತಂದದ್ದು ಒಂದು ಸೋಮವಾರ. ಮನೆಯಲ್ಲಿ ರೇಷ್ಮೆ ಹುಳು ಸಾಕುವ ಹೆಂಗಸು. ಗಂಡ ಶಿವಣ್ಣ ಕಾರ್ಖಾನೆಯಲ್ಲಿ ಸೆಕ್ಯುರಿಟಿ. ಅಲ್ಲಿನ ಸಾಹೇಬರೊಬ್ಬರು ಕೊಟ್ಟು ಹೋದ ನಾಯಿ, ಹೆಸರು ಪಿಂಕಿ. ಬಿಳಿ ನಾಯಿ ಎಂದು ಯಾರಾದರೂ ಹೇಳಿದರೆ ನಂಬಬೇಕು, ಹಾಗಿತ್ತು. ಕಾಲ ಸಂದಿಗಳಲ್ಲಿ ಕೂದಲು ಜಡೆಗಟ್ಟಿತ್ತು, ಕಿವಿಯ ತುಂಬ ಉಣ್ಣಿ. ಅವತ್ತು ಹಸುಗಳ ಸಾಲು ಗೇಟಿನವರೆಗೆ ನಿಂತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಎಲ್ಲರೆದುರಿಗೆ ಬೈದೆ.

"ಏನ್ರೀ ಇದು ಗಲೀಜು! ನೋಡಿಕೊಳ್ಳೋಕೆ ಆಗದಿದ್ರೆ ಯಾಕೆ ಸಾಕ್ತೀರಿ? ಮೊದಲು ಕ್ಲೀನಾಗಿ ಇಟ್ಕೊಳ್ಳಿ."

ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದೆ. ಆಕೆ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಮುಂದಿನ ಹಸುವಿನ ಕಡೆ ತಿರುಗಿದ್ದೆ.

ಹತ್ತು ದಿನ ಕಳೆದ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಪಿಂಕಿ ಗೋಣಿಚೀಲದ ಮೇಲೆ ಮಲಗಿ ನಡುಗುತ್ತಿತ್ತು. ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಹೊಟ್ಟೆಯ ಚರ್ಮ ಸುಲಿದು ಹಸಿಯಾಗಿತ್ತು, ನಾಲಿಗೆಯ ಮೇಲೆ ಹುಣ್ಣು. ಕೂದಲ ಬುಡದಲ್ಲಿ ಬಿಳಿ ಪುಡಿ ಗಾರೆಯ ಹಾಗೆ ಮೆತ್ತಿಕೊಂಡಿತ್ತು.

"ಏನು ಹಾಕಿದ್ರಿ ಇದಕ್ಕೆ?"

"ಹುಳದ ಪುಡಿ, ಡಾಕ್ಟ್ರಮ್ಮ."

ರೇಷ್ಮೆ ಹುಳು ಪೊರೆ ಬಿಡುವುದನ್ನು ಆ ಕಡೆ ಜ್ವರ ಎನ್ನುತ್ತಾರೆ. ಪ್ರತಿ ಜ್ವರ ಮುಗಿದು ಹುಳು ಎದ್ದ ಮೇಲೆ ಅವುಗಳಿಗೆ ರೋಗ ತಗುಲದಿರಲೆಂದು ಒಂದು ಪುಡಿಯನ್ನು ತೆಳ್ಳಗೆ ಉದುರಿಸುತ್ತಾರೆ. ಅದರಲ್ಲಿ ಸುಣ್ಣ ಇರುತ್ತದೆ, ಫಾರ್ಮಲಿನ್ ಜಾತಿಯ ರಾಸಾಯನಿಕವೂ ಇರುತ್ತದೆ. ಹುಳು ಸಾಕುವ ಒಣ ತಟ್ಟೆಯಲ್ಲಿ ಅದು ಔಷಧ, ಒದ್ದೆ ಚರ್ಮಕ್ಕೆ ಬೆಂಕಿ. ಜಯಮ್ಮ ನಾಯಿಗೆ ಸ್ನಾನ ಮಾಡಿಸಿ, ಒರೆಸದೆ, ಮೈತುಂಬ ಅದನ್ನು ತಿಕ್ಕಿದ್ದಳು. ಉರಿ ತಾಳದೆ ಪಿಂಕಿ ಮೈಯೆಲ್ಲ ನೆಕ್ಕಿಕೊಂಡಿತ್ತು.

"ಬುದ್ಧಿ ಇದೆಯೇನ್ರೀ ನಿಮಗೆ?" ಎಂದು ಮತ್ತೆ ಕೂಗಿದೆ.

"ಹುಳದ ಮೈಮ್ಯಾಲೇ ಉದುರುಸ್ತೀವಲ್ಲ ಡಾಕ್ಟ್ರಮ್ಮ. ಒಸಿ ಉಗುರು ತಾಕುದ್ರೆ ಸಾಯೋ ಹುಳ ಅದು. ಅಂತಾದ್ಕೇ ಏನೂ ಆಗಾಕಿಲ್ಲ, ನಾಯ್ಗೇನಾದದು ಅನ್ಕಂಡೆ. ನಮ್ಮನೇಲಿ ಅದ್ಕಿಂತ ಒಳ್ಳೆ ಔಸ್ತಿ ಇಲ್ಲ ಕಣವ್ವ" ಎಂದು ಆಕೆ ಅಳತೊಡಗಿದಳು.

ಹುಳು ಮನೆಗೆ ಇಲಿ ನುಗ್ಗದ ಹಾಗೆ ಪಿಂಕಿ ಬಾಗಿಲಲ್ಲೇ ಮಲಗುತ್ತಿತ್ತಂತೆ. ತನ್ನ ಹುಳುಗಳಿಗೆ ಮಾಡುವಷ್ಟೇ ಆರೈಕೆಯನ್ನು ಆಕೆ ಅದಕ್ಕೂ ಮಾಡಿದ್ದಳು.

ಶಿವಣ್ಣ ಮಾತ್ರ ಬೆದರಿದ್ದ. "ಸಾಹೇಬ್ರು ಕೊಟ್ಟಿದ್ದು. ಅವ್ರನ್ನ ಒಂದ್ ಮಾತು ಕೇಳ್ಬುಡನ ಕಣಮ್ಮಿ" ಎಂದು ಹೆಂಡತಿಗೆ ಹೇಳಿ, ಆಸ್ಪತ್ರೆಯ ಫೋನಿನಿಂದಲೇ ಅವರಿಗೆ ಮಾಡಿ, ರಿಸೀವರನ್ನು ನನ್ನ ಕೈಗೆ ಕೊಟ್ಟ.

"ಸುಮ್ಮನೆ ಯಾಕೆ ನರಳಿಸ್ತೀರಿ ಡಾಕ್ಟರ್? ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ. ಹಳ್ಳಿಯವರಿಗೆ ಇಂಥ ನಾಯಿ ಮೇಂಟೇನ್ ಮಾಡೋಕೆ ಬರಲ್ಲ" ಎಂದಿತು ಆ ಧ್ವನಿ.

"ನಾಯಿ ಕೊಟ್ರಲ್ಲ, ಅದರ ಕೂದಲು ಬಾಚೋ ಬ್ರಷ್ಷು ಕೊಟ್ಟಿದ್ರಾ?"

"ಅದು ಫಾರಿನ್ ಬ್ರಷ್ಷು. ಮುಂದಿನ ನಾಯಿಗೆ ಬೇಕಾಗುತ್ತೆ ಅಂತ ಇಟ್ಕೊಂಡೆ."

ಎಲಾ ಇವನ! ಜೀವ ಬಿಟ್ಟುಕೊಡುವುದಕ್ಕೆ ಮನಸ್ಸು ಬಂತು, ಬ್ರಷ್ಷು ಬಿಟ್ಟುಕೊಡುವುದಕ್ಕೆ ಬರಲಿಲ್ಲ. ಫೋನ್ ಕುಕ್ಕಿದೆ. "ನಾಯಿ ನಿಮ್ಮದು. ಸಾಯಿಸುವ ಮಾತು ಇನ್ನು ಯಾರೂ ಎತ್ತಬೇಡಿ" ಎಂದೆ ಶಿವಣ್ಣನಿಗೆ.

ಮೊದಲು ಒಣ ಪುಡಿಯನ್ನು ಬಟ್ಟೆಯಿಂದ ಒರೆಸಿ ತೆಗೆದು, ಗಂಟುಗಟ್ಟಿದ ಕೂದಲನ್ನೆಲ್ಲ ಕತ್ತರಿಸಿ, ಆಮೇಲೆ ಇಪ್ಪತ್ತು ನಿಮಿಷ ತಣ್ಣೀರು ಸುರಿದೆವು. ಕಣ್ಣಿಗೆ ಸಲೈನ್ ಬಿಟ್ಟು ಬಿಟ್ಟು ತೊಳೆದೆ. ನೆಕ್ಕಿಕೊಳ್ಳದಿರಲಿ ಎಂದು ರಟ್ಟಿನ ಡಬ್ಬ ಕತ್ತರಿಸಿ ಕುತ್ತಿಗೆಗೆ ಕಟ್ಟಿದೆ. ಜಯಮ್ಮ ದಿನಾ ಬೆಳಗ್ಗೆ ಹುಳುಗಳಿಗೆ ಸೊಪ್ಪು ಹಾಕಿ, ಮೊದಲ ಬಸ್ಸಿಗೆ ನಾಯಿಯನ್ನು ಎತ್ತಿಕೊಂಡು ಬಂದಳು. ಆರನೇ ದಿನ ಬಲಗಣ್ಣು ತೆರೆಯಿತು. ಎಡಗಣ್ಣಿನ ಮೇಲೆ ಹಾಲಿನಂಥ ಪೊರೆ ಕಟ್ಟಿ, ಆ ಕಣ್ಣಿನ ದೃಷ್ಟಿ ಹೋಯಿತು. ಜೀವ ಉಳಿಯಿತು.

ಗಾಯ ಒಣಗಿ ಮತ್ತೆ ಕೂದಲು ಬಂದ ಮೇಲೆ ಒಂದು ದಿನ ಪಿಂಕಿಯನ್ನು ಆಸ್ಪತ್ರೆ ಅಂಗಳದ ಕಲ್ಲುಬೆಂಚಿನ ಮೇಲೆ ನಿಲ್ಲಿಸಿಕೊಂಡೆ. ದಿನಕ್ಕೆ ಐದು ನಿಮಿಷ ಬಾಚಿದರೆ ಸಾಕು, ಬ್ರಷ್ಷೇ ಆಗಬೇಕಿಲ್ಲ, ಹೇನು ಬಾಚುವ ಸೀರಣಿಗೆ ಮತ್ತೊಂದು ಅಗಲ ಹಲ್ಲಿನ ಬಾಚಣಿಗೆ ನಡೆಯುತ್ತದೆ ಎಂದು ತೋರಿಸಿದೆ. ಗಂಟನ್ನು ನೀರು ಹಾಕುವ ಮೊದಲೇ ಬೆರಳಲ್ಲಿ ಬಿಡಿಸಬೇಕು, ನೆಂದರೆ ಇನ್ನೂ ಬಿಗಿಯುತ್ತದೆ. ಉಗುರುಬೆಚ್ಚಗಿನ ನೀರು, ಉರಿ ಹತ್ತದ ಸೋಪು, ಕಿವಿಗೆ ಹತ್ತಿ, ಕೊನೆಗೆ ಬುಡದವರೆಗೆ ಒಣಗುವ ಹಾಗೆ ಒರೆಸುವುದು. ಉಣ್ಣಿಯನ್ನು ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯುವುದು. ಜಯಮ್ಮ ಚಿಮಟ ತೆಗೆದುಕೊಂಡಳು. ಹುಳು ಎತ್ತಿ ಪಳಗಿದ ಕೈ! ನನಗಿಂತ ಹಗುರವಾಗಿ ಎರಡು ಉಣ್ಣಿ ಕಿತ್ತಳು, ಪಿಂಕಿ ಕಿವಿ ಕೂಡ ಅಲ್ಲಾಡಿಸಲಿಲ್ಲ.

"ಇಷ್ಟೇಯಾ?" ಎಂದಳು. ಆಮೇಲೆ ನಾಯಿಯ ಕುರುಡುಗಣ್ಣಿನ ಪಕ್ಕ ಬಾಚುತ್ತ, ನನ್ನ ಮುಖ ನೋಡದೆ ಹೇಳಿದಳು: "ಅವತ್ತು ಬಯ್ದ್ರಲ್ಲ ಡಾಕ್ಟ್ರಮ್ಮ, ಅವತ್ತೇ ಒಸಿ ತೋರ್ಸಿದ್ರೆ ಆಗೋದು."

ಆಕೆ ಹೋದ ಮೇಲೆ ಕೇಸ್ ರಿಜಿಸ್ಟರ್ ತೆಗೆದು ಆ ಸೋಮವಾರದ ಪುಟ ನೋಡಿದೆ. ಸಲಹೆಯ ಕಾಲಮಿನಲ್ಲಿ ನನ್ನದೇ ಅಕ್ಷರ: "ಶುಚಿಯಾಗಿಡಲು ಮಾಲೀಕರಿಗೆ ತಿಳಿಸಲಾಗಿದೆ." ಕೆಳಗೆ ನನ್ನ ಸಹಿ. ಏನು ತಿಳಿಸಿದ್ದೆ ನಾನು? ಗಲೀಜು ಎಂದು ತಿಳಿಸಿದ್ದೆ. ಆ ಸಾಹೇಬ ಬ್ರಷ್ಷು ಕೊಡಲಿಲ್ಲವೆಂದು ಹಾರಾಡಿದ ನಾನು ಐದು ನಿಮಿಷ ಕೊಟ್ಟಿರಲಿಲ್ಲ.

ಆ ಮಧ್ಯಾಹ್ನವೇ ಪೇಟೆಗೆ ಹೋಗಿ ಒಂದು ಸೀರಣಿಗೆ, ಒಂದು ಚಿಮಟ ತಂದು ಮೇಜಿನ ಮೇಲಿಟ್ಟೆ. ನಿವೃತ್ತಿಯವರೆಗೆ, ಸಾಲು ಗೇಟು ದಾಟಿ ರಸ್ತೆಗೆ ಹೋಗಿದ್ದರೂ, ಕೈಯಲ್ಲಿ ಮಾಡಿ ತೋರಿಸದೆ ಆ ಕಾಲಮಿನಲ್ಲಿ "ತಿಳಿಸಲಾಗಿದೆ" ಎಂದು ಬರೆಯಲಿಲ್ಲ. ಪಿಂಕಿ ಮುಂದೆ ಐದು ವರ್ಷ ಬದುಕಿತು. ಲಸಿಕೆಗೆ ಬಂದಾಗಲೆಲ್ಲ ಬೆಳ್ಳಗೆ, ನುಣ್ಣಗೆ ಬರುತ್ತಿತ್ತು. ಉಳಿದ ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಿತ್ತು.