ಹರಿಹರದಲ್ಲಿ ತಲೆಕೆಳಗಾದ ಚಿಮಣಿ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಮೊಮ್ಮಗಳು ಚಂದ್ರಿ ಹರಿಹರದಲ್ಲಿ ನಾಟಕ ಮಾಡಿದಳು. ಪೂರ್ತಿ ಮಾಡಿದಳು. ನಡುವೆ ಇಳಿದು ಬರಲಿಲ್ಲ. ಇದರಲ್ಲೇನು ದೊಡ್ಡದು ಎಂದು ನೀವು ಕೇಳಬಹುದು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಾತು ಮರೆತು, ಅಳುತ್ತ ಓಡಿಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ ಹುಡುಗಿ ಅದು. ಕಾಲೇಜಿಗೆ ಹೋದರೂ ಮೈಕು ಕಂಡರೆ ಬೆವರುತ್ತಿತ್ತು.

ನಾಟಕ ಬರೆದವರು ನಮ್ಮ ಹನುಮಂತಣ್ಣ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ವಿಭಾಗದ ಕೆಲಸಗಾರರಾಗಿದ್ದರು. ಪಾಳಿ ಮುಗಿಸಿ ಬಂದು ನಾಟಕ ಬರೆಯುವರು, ಅದಕ್ಕೆ ಬೇಕಾದ ಪರದೆಯನ್ನೂ ತಾವೇ ಬಿಡಿಸುವರು. ನಮ್ಮ ಯಜಮಾನರು ಅದೇ ಗಿರಣಿಯಲ್ಲಿ ನೇಯ್ದ ಬಟ್ಟೆ ಸುತ್ತಿಡುತ್ತಿದ್ದರು, ಹಾಗಾಗಿ ಗೆಳೆತನ. ಹನುಮಂತಣ್ಣ ತೀರಿಕೊಂಡ ಮೇಲೆ ಅವರ ಕೊನೆಯ ಪರದೆ ನಮ್ಮ ಮನೆಯ ಅಟ್ಟದಲ್ಲೇ ಉಳಿಯಿತು. ಗಿರಣಿಯ ಗೇಟು, ಅದರ ಹಿಂದೆ ಹೊಗೆ ಬಿಡುವ ಎತ್ತರದ ಚಿಮಣಿ, ಮೇಲೆ ಆಕಾಶ. ಈ ಸಲ ಓಣಿಯ ಹುಡುಗರು ಸೇರಿ ಅವರ ಹೆಸರಿನಲ್ಲಿ ಒಂದು ದಿನ ಗೊತ್ತು ಮಾಡಿದರು. ಬೆಳಿಗ್ಗೆ ದಾವಣಗೆರೆಯಲ್ಲಿ ಅವರ ಹಾಡು, ಮಧ್ಯಾಹ್ನ ಹರಿಹರದಲ್ಲಿ ಅವರ ನಾಟಕ.

ಆ ದಿನ ಬೆಳಿಗ್ಗೆ ಚಂದ್ರಿ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಳು. ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಹಾಕಿದ ಮಂಡಕ್ಕಿ, ಎರಡನ್ನೂ ಮುಟ್ಟಲಿಲ್ಲ.

"ಅಜ್ಜಿ, ಮತ್ತೆ ಮರ್ತ್ರೆ?"

"ಮರ್ತ್ರೆ ನಿಂತ್ಕ. ಓಡಬ್ಯಾಡ ಅಷ್ಟೇ."

ಅವಳು ತಂಡದ ಜೊತೆ ಬಸ್ಸಿನಲ್ಲಿ ಮುಂದೆ ಹೋದಳು. ಮಗ ಗ್ಯಾರೇಜಿಗೆ, ಸೊಸೆ ಶಾಲೆಯ ಬಿಸಿಯೂಟದ ಅಡುಗೆಗೆ. ಪರದೆ ಸಾಗಿಸುವ ಕೆಲಸ ನಮ್ಮಿಬ್ಬರು ಮುದುಕರಿಗೆ ಬಿತ್ತು.

ಓಣಿಯಲ್ಲಿ ಹಾಡು ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಹಾಡುವವರ ಹಿಂದೆ ಗೋಡೆಗೆ ಕಟ್ಟಿದ್ದ ಅದೇ ಪರದೆಯನ್ನು ಬಿಚ್ಚಿದರು. ಅದನ್ನು ಸುತ್ತಿಡಲು ಹುಡುಗರು ಕೈ ಹಾಕಿದರೆ ಯಜಮಾನರು ಬಿಡಲಿಲ್ಲ. "ಸರೀರೋ, ಜೀವಮಾನ ಬಟ್ಟೆ ಸುತ್ತಿದ ಕೈ ಇದು" ಎಂದು ಬಿದಿರ ಗಳಕ್ಕೆ ತಾವೇ ಬಿಗಿಯಾಗಿ ಸುತ್ತಿದರು. ಒಂದು ಸುಕ್ಕಿಲ್ಲ.

ಬಸ್ ನಿಲ್ದಾಣಕ್ಕೆ ಹೊತ್ತೊಯ್ದೆವು. ಆ ಗಳ ನೋಡಿಯೇ ಕಂಡಕ್ಟರು ಕೈ ಮುಗಿದ. ಎರಡನೇ ಬಸ್ಸಿನವನೂ ಅಷ್ಟೇ. ನನ್ನ ಮೊಣಕಾಲು ಆಗಲೇ ಮಾತಾಡತೊಡಗಿತ್ತು. ಕೊನೆಗೆ ರಿಯಾಜ್ ಎಂಬುವನ ಲಗೇಜ್ ಆಟೋ ಸಿಕ್ಕಿತು. ಐನೂರು ಕೇಳಿ ಮುನ್ನೂರಕ್ಕೆ ಒಪ್ಪಿದ.

"ಅಜ್ಜ ಮುಂದೆ ಬರ್ಲಿ. ಅಜ್ಜಿ, ನೀವು ಹಿಂದೆ ಕೂಡ್ರಿ, ಪರದೆ ಹಿಡ್ಕಳ್ರಿ. ಜಾರೀತು."

"ನಾ ಜಾರಿದ್ರೆ?"

"ನಿಮ್ಮನ್ನ ಪರದೆ ಹಿಡ್ಕಂತೈತೆ ಬಿಡ್ರಿ!"

ಹದಿನಾಲ್ಕು ಕಿಲೋಮೀಟರು ದಾರಿ. ತಗಡು ಕಾದು ಹೆಂಚಾಗಿತ್ತು. ಪ್ರತಿ ಗುಂಡಿಗೂ ಸೊಂಟ ಎದ್ದು ಕೂತಿತು. ಲಾರಿಗಳ ಧೂಳು ಬಾಯೊಳಗೆ. ಇಷ್ಟು ದಣಿದು ಹೋಗಿ, ಹುಡುಗಿ ಮತ್ತೆ ಅತ್ತರೆ ಅದನ್ನು ನೋಡಲು ನನ್ನಲ್ಲಿ ಶಕ್ತಿಯಿಲ್ಲ ಅನ್ನಿಸಿತು. ಗಳವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ.

ಹರಿಹರ ಮುಟ್ಟಿದಾಗ ನಾಟಕ ಶುರುವಾಗಿಬಿಟ್ಟಿತ್ತು. ಪರದೆ ಬೇಕಿದ್ದುದು ಕೊನೆಯ ದೃಶ್ಯಕ್ಕೆ, ಅಷ್ಟು ಪುಣ್ಯ. ತಂಡದ ಹುಡುಗರು ಓಡಿಬಂದು ಸುರುಳಿಯನ್ನು ಕಸಿದುಕೊಂಡರು. ಬಿಚ್ಚಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೈಗೆ ಸಿಕ್ಕ ಅಂಚನ್ನು ಮೇಲಿನ ಗಳಕ್ಕೆ ಕಟ್ಟಿ ಎತ್ತಿದರು. ನಾವು ಹಿಂದಿನ ಬೆಂಚಿನಲ್ಲಿ ಕುಸಿದೆವು.

ಕೊನೆಯ ದೃಶ್ಯ. ಚಂದ್ರಿ ಗಿರಣಿಯ ಕೂಲಿ ಹೆಂಗಸಾಗಿ, ಕೈಯಲ್ಲಿ ಬುತ್ತಿ ಹಿಡಿದು ಬಂದಳು. ಗಿರಣಿಗೆ ಬೀಗ ಬಿದ್ದ ದಿನ ಅದು. ಅವಳ ಹಿಂದೆ ಪರದೆ ಇಳಿಯಿತು.

ಗೇಟು ಮೇಲೆ ಜೋತಾಡುತ್ತಿತ್ತು. ಚಿಮಣಿ ತಲೆಕೆಳಗಾಗಿ ನಿಂತಿತ್ತು. ಹೊಗೆ ನೆಲದ ಮೇಲೆ, ಆಕಾಶ ಅವಳ ಕಾಲ ಬುಡದಲ್ಲಿ.

ಜನ ಕಿಸಕ್ಕೆಂದರು. ಯಜಮಾನರು ನನ್ನ ಕೈ ಹಿಡಿದರು. "ಗಿರಣಿ ಸುತ್ತು ಸುತ್ತಿಬಿಟ್ಟೆ ಕಣೇ" ಅಂದರು. ಗಿರಣಿಯಲ್ಲಿ ಬಟ್ಟೆಯ ತಲೆಯ ಅಂಚನ್ನು ಮೊದಲು ಒಳಗೆ ಹಾಕಿ ಸುತ್ತುತ್ತಾರೆ. ಪರದೆಯನ್ನು ಬುಡದಿಂದ ಸುತ್ತಬೇಕು, ತಲೆ ಹೊರಗೆ ಉಳಿಯಬೇಕು, ಮೇಲೆ ಕಟ್ಟುವುದು ಆ ಅಂಚನ್ನೇ. ಅಷ್ಟು ವರ್ಷದ ರೂಢಿ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು.

ಚಂದ್ರಿ ತಿರುಗಿ ನೋಡಿದಳು. ಬಾಯಿ ತೆರೆದಳು, ಮಾತು ಬರಲಿಲ್ಲ. ಅವಳ ಕಣ್ಣು ರಂಗದ ಪಕ್ಕದ ಮೆಟ್ಟಿಲ ಕಡೆ ಹೋಯಿತು. ಮುಗಿಯಿತು, ಓಡುತ್ತಾಳೆ ಅಂದುಕೊಂಡು ಸೆರಗು ಬಾಯಿಗೆ ಒತ್ತಿಕೊಂಡೆ.

ಅವಳು ಓಡಲಿಲ್ಲ. ಬುತ್ತಿಯನ್ನು ಸೊಂಟಕ್ಕೇರಿಸಿ, ಪರದೆಗೆ ಕೈ ತೋರಿಸಿ, ಕೂಗಿದಳು.

"ನೋಡ್ರಿ ಸಾವ್ಕಾರ್ರ! ನೀವು ಬೀಗ ಹಾಕಿದ್ದು ಗೇಟಿಗೆ. ತಲೆಕೆಳಗಾಗಿದ್ದು ಚಿಮಣಿ! ಇನ್ನ ನಮ್ಮ ಮನಿ ಒಲೆ ಹೆಂಗೆ ನೆಟ್ಟಗಿರ್ತೈತೆ, ಹೇಳ್ರಿ?"

ಅದು ಹನುಮಂತಣ್ಣ ಬರೆದ ಮಾತಲ್ಲ. ಸಿಳ್ಳೆ ಏನು, ಚಪ್ಪಾಳೆ ಏನು! ಪರದೆ ಸರಿಮಾಡಲು ಹಗ್ಗ ಎಳೆಯಹೊರಟ ಹುಡುಗನಿಗೆ ಯಾರೋ "ಬ್ಯಾಡ ಬಿಡೋ, ಹಂಗೇ ಇರ್ಲಿ!" ಎಂದು ಗದರಿದರು. ಅವಳು ಮುಂದಿನ ಮಾತನ್ನು ಹಿಡಿದು ಕೊನೆಯವರೆಗೂ ನಡೆದಳು. ನಾನು ಅಳುತ್ತಿದ್ದೆ, ಪಕ್ಕದ ಹೆಂಗಸು ನಾಟಕಕ್ಕೆ ಅಳುತ್ತಿದ್ದೇನೆಂದು ನನ್ನ ಬೆನ್ನು ಸವರಿದಳು.

ಹೊರಗೆ ರಿಯಾಜ್ ಇನ್ನೂ ಇದ್ದ. ಹಿಂದೆ ನಿಂತು ನಾಟಕ ನೋಡಿದ್ದನಂತೆ.

"ಚಿಮಣಿ ಉಲ್ಟಾ ಮಾಡಿದ್ದು ಮಸ್ತ್ ಐಡಿಯಾ ಅಜ್ಜ. ಯಾರದ್ದು?"

"ಮತ್ಯಾರದ್ದು, ನಂದೇ" ಅಂದರು ಯಜಮಾನರು, ನನ್ನ ಮುಖ ನೋಡದೆ.

ಬರುವಾಗ ಚಂದ್ರಿಯೂ ನನ್ನ ಜೊತೆ ಹಿಂದೆಯೇ ಕೂತಳು. ಮುಖದ ಬಣ್ಣ ತೊಳೆದಿರಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ಅದೇ ಗುಂಡಿ, ಅದೇ ಸೊಂಟ. ಸಂಜೆಯ ಗಾಳಿಗೆ ತಗಡು ಮಾತ್ರ ತಣ್ಣಗಾಗಿತ್ತು. ಹಿಂತಿರುಗಿ ನೋಡಿದೆ, ಹರಿಹರ ಧೂಳಿನಲ್ಲಿ ಮರೆಯಾಗುತ್ತಿತ್ತು.

ಮನೆಯಲ್ಲಿ ಸೊಸೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಎಲ್ಲರೂ ನೆಲದ ಮೇಲೆ ಒಟ್ಟಿಗೆ ಕೂತೆವು. ಕೂತ ಮೇಲೆ ಏಳುವುದು ಹೇಗೆಂದು ನಾನು ಯೋಚಿಸಲೂ ಇಲ್ಲ. ಯಜಮಾನರು ರೊಟ್ಟಿ ಸುತ್ತಿ ಪಲ್ಯಕ್ಕೆ ಅದ್ದುತ್ತಿದ್ದಂತೆ ಮಗ ಅಂದ, "ಅಪ್ಪ, ತಲೆ ಯಾವ್ದು ಬುಡ ಯಾವ್ದು ನೋಡ್ಕಂಡು ಸುತ್ತಪ್ಪ." ಯಜಮಾನರಿಗೇ ನಗು ತಡೆಯದೆ ಕೆಮ್ಮು ಹತ್ತಿತು.

ಚಂದ್ರಿ ಮಾತ್ರ ನಗಲಿಲ್ಲ. ಬೆಳಗಿನಿಂದ ಹಸಿದವಳು, ಬಾಯಿ ತುಂಬ ರೊಟ್ಟಿ. ಖಾಲಿ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ಅಜ್ಜಿ, ಇನ್ನೊಂದು."