ಮೂರು ಮೂಗಿನ ಮುತ್ತಜ್ಜಿ

ಒಂದು ಹೊಸ ಕೇಬಲ್, ಒಂದು ಬಣ್ಣದ ಕಾರ್ಟ್ರಿಜ್, ಬಿಜಾಪುರಕ್ಕೆ ಹೋಗಿಬರುವ ಬಸ್ ಚಾರ್ಜು, ಸೊಲ್ಲಾಪುರದಿಂದ ತರಿಸಿದ ದುಬಾರಿ ಟ್ರಾನ್ಸ್‌ಫರ್ ಹಾಳೆಗಳ ಅರ್ಧ ಕಟ್ಟು. ಇದು ಕಳೆದ ವಾರ ನಾನು ಕಲಿತ ಪಾಠದ ಫೀಸು. ಯಾಕೆ ಇಷ್ಟು ಖರ್ಚಾಯಿತು? ಒಬ್ಬ ಮುತ್ತಜ್ಜಿಯ ಮುಖಕ್ಕೆ ಮೂರು ಮೂಗು ಬಂದಿದ್ದವು, ಅದಕ್ಕೆ.

ನಿಮಗೆ ಅದೇ ಪಾಠ ಪತ್ರಿಕೆಯ ಬೆಲೆಗೆ ಸಿಗುತ್ತಿದೆ. ಲಾಭ ನಿಮ್ಮದೇ, ಓದಿ.

ಕಾಯಂ ಓದುಗರಿಗೆ ನನ್ನ ಪಡಸಾಲೆಯ ಕಾರ್ಖಾನೆ ಗೊತ್ತು. ಹೊಸಬರಿಗಾಗಿ ಎರಡು ಮಾತು. ಸಿಂದಗಿಯ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರದ ಮಗ್ಗುಲಿಗೇ ಒಂದು ಕಂಪ್ಯೂಟರು, ಒಂದು ಬಣ್ಣದ ಪ್ರಿಂಟರು ಇವೆ. ಕೂಸಿನ ಕುಂಚಿಗೆಗೆ ಹೆಸರು ಬೇಕೆ? ಕೌದಿಯ ನಡುವೆ ಚಿತ್ರ ಬೇಕೆ? ಟ್ರಾನ್ಸ್‌ಫರ್ ಎಂಬ ವಿಶೇಷ ಹಾಳೆಯ ಮೇಲೆ ಪ್ರಿಂಟ್ ತೆಗೆದು, ಬಟ್ಟೆಯ ಮೇಲೆ ಬೋರಲು ಇಟ್ಟು ಇಸ್ತ್ರಿ ಉಜ್ಜಿದರೆ ಆಯಿತು, ಚಿತ್ರ ಬಟ್ಟೆಗೆ ಇಳಿಯುತ್ತದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದಲೂ ಗಿರಾಕಿಗಳಿದ್ದಾರೆ. (ಕಂಪ್ಯೂಟರು ಇಂಡಿ ಪಟ್ಟಣದಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಕಂಪ್ಯೂಟರ್ ಕ್ಲಾಸಿನದು. ನನ್ನ ಚೌಕಾಸಿ ತಾಳಲಾರದೆ ಅಲ್ಲಿಯ ಮಾಸ್ತರರು ಟೇಬಲ್ ಫ್ಯಾನನ್ನೂ ಟೆಂಪೋಕ್ಕೆ ಏರಿಸಿ, “ಇನ್ನ ನಾ ಒಬ್ಬಾವ ಉಳದೇನ್ರಿ, ನನ್ನೂ ಹಾಕ್ಕೊಂಡ ಹೋಗ್ರಿ” ಅಂದಿದ್ದರು.)

ದಸರೆಯ ಬನ್ನಿ ಹಂಚಿದ ವಾರವೇ ತಾಳಿಕೋಟೆಯಿಂದ ಗೌರವ್ವ ಬಂದರು. ಮಗಳಿಗೆ ಚೊಚ್ಚಲ ಹೆರಿಗೆಯಾಗಿತ್ತು, ಹೆಣ್ಣು ಕೂಸು. ಬರುವ ಗುರುವಾರ ತೊಟ್ಟಿಲ ಶಾಸ್ತ್ರ, ಅದರೊಳಗೆ ಹಾಸಲು ಒಂದು ಕೌದಿ ಬೇಕಿತ್ತು. ಅವರ ಕೈಯಲ್ಲಿ ಬಿಜಾಪುರದ ಸ್ಟುಡಿಯೋದಲ್ಲಿ ಮಾಡಿಸಿದ ಸಿಡಿ, ಅದರಲ್ಲಿ ಅವರ ತಾಯಿಯ ಫೋಟೊ. ಆ ಮುದುಕಿ ತಾಂಬಾದಲ್ಲಿ ಮಗನ ಮನೆಯಲ್ಲಿದ್ದಾರೆ. ಸೊಂಟ ಮುರಿದಿದೆ, ಬಸ್ಸು ಹತ್ತುವ ಮಾತೇ ಇಲ್ಲ.

“ನಮ್ಮವ್ವಗ ಬರಾಕ ಆಗೂದಿಲ್ರಿ. ಆಕಿ ಮಾರಿನರ ತೊಟ್ಟಿಲದಾಗ ಇರ್ಲಿ,” ಅಂದರು ಗೌರವ್ವ. “ಕೂಸು ಮುತ್ತಜ್ಜಿ ಮಗ್ಗಲದಾಗ ಮಲಗಿಧಂಗ ಆಗ್ಬೇಕು ನೋಡ್ರಿ.”

ಇದಕ್ಕಿಂತ ದೊಡ್ಡ ಆರ್ಡರುಗಳು ನನಗೆ ಬಂದಿವೆ. ಇದಕ್ಕಿಂತ ಭಾರದ್ದು ಬಂದಿಲ್ಲ.

ಕಂಪ್ಯೂಟರಿನ ಪರದೆ ಮೇಲೆ ಅಜ್ಜಿ ಚೆಂದ ಇದ್ದರು. ಅರಿಷಿಣ ಬಣ್ಣದ ಮುಖ, ತುಂಬು ಮೂಗುಬಟ್ಟು. ಹಾಳೆ ಹೊರಬಂತು. ಒಂದು ಕೆನ್ನೆ ಸರಿ, ಒಂದು ಕಣ್ಣು ಸರಿ. ಅಲ್ಲಿಂದಾಚೆ ಯಾರೋ ಮುಖವನ್ನು ರಿಬ್ಬನ್ನಿನಂತೆ ಸೀಳಿ, ಒಂದೊಂದು ಪಟ್ಟಿಯನ್ನೂ ಒಂದೊಂದು ಕಡೆ ಎಳೆದಿಟ್ಟಂತೆ! ಮೂಗು ಮೂರು ಕಡೆ ಕಾಣಿಸುತ್ತಿತ್ತು.

ನನ್ನ ಜೊತೆ ಕೌದಿ ಹೊಲಿಯುವ ಮಹಬೂಬಿ ಹಾಳೆ ಕೈಗೆತ್ತಿಕೊಂಡು ನೋಡಿದಳು. “ಅಕ್ಕಾರ, ಮೂಗುಬಟ್ಟು ಕಿವಿಗೆ ಹೊಂಟೈತ್ರಿ!”

“ನಗಬ್ಯಾಡ. ಗಿರಾಕಿ ಇಲ್ಲೇ ಕುಂತಾರ.”

ಗೌರವ್ವನಿಗೂ ನಗು ಬಂತು. “ಒಂದ ಮೂಗಿಗೇ ನಶ್ಯದ ಡಬ್ಬಿ ಸಾಲೂದಿಲ್ಲ ನಮ್ಮವ್ವಗ. ಮೂರ ಆದ್ರ ನಮ್ಮಣ್ಣನ ಗತಿ ಏನ್ರಿ!”

ಅವರನ್ನು ನಗಿಸಿಯೇ ಬಸ್ಸು ಹತ್ತಿಸಿದೆ. ನನಗೆ ಮಾತ್ರ ನಗು ಬರಲಿಲ್ಲ.

ಅದೇ ಬೆಳಿಗ್ಗೆ ಬಾಗೇವಾಡಿಯ ಒಂದು ಕುಂಚಿಗೆಗೆ ಹೆಸರು ಪ್ರಿಂಟ್ ಮಾಡಿದ್ದೆ. ಚೊಕ್ಕವಾಗಿ ಬಂದಿತ್ತು. ಹೆಸರು ಸರಿ, ಫೋಟೊ ಕೆಟ್ಟದ್ದು. ಅಂದಮೇಲೆ ತಪ್ಪು ಫೋಟೊದ್ದೇ ತಾನೆ? ಎಷ್ಟು ಸರಳ ಲೆಕ್ಕ! (ಸರಳ ಲೆಕ್ಕಗಳೇ ಜೇಬು ಕತ್ತರಿಸುವುದು.)

ಕಂಪ್ಯೂಟರ್ ಕೆಟ್ಟರೆ ಊರಿಗೆ ಊರೇ ಡಾಕ್ಟರು. ಕೇಬಲ್ ಬದಲಿಸಿ ಅಂದರು, ಬದಲಿಸಿದೆ. ಡ್ರೈವರ್ ಸಿಡಿ ಮತ್ತೆ ಹಾಕಿ ಅಂದರು, ಹಾಕಿದೆ. ವೈರಸ್ಸು ಅಂದರು. ವೋಲ್ಟೇಜು ಅಂದರು. ಎಲ್ಲ ಮುಗಿದ ಮೇಲೆ “ಫಾರ್ಮ್ಯಾಟ್ ಹೊಡೀರಿ” ಅಂದರು. ಅಷ್ಟರಲ್ಲಿ ಹಾಳೆಯ ಮೇಲೆ ಹಾಳೆ ಹೋಗುತ್ತಿತ್ತು, ಅಜ್ಜಿಯ ಮೂಗು ಮಾತ್ರ ಒಂದಾಗುತ್ತಿರಲಿಲ್ಲ.

ಮನೆಯಲ್ಲಿ ವಿಚಾರಣೆ ಮಾಡಿದೆ. “ಈ ಮಶೀನು ಯಾರು ಮುಟ್ಟೀರಿ?”

ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದರು. ತಲೆಯನ್ನೂ ಎತ್ತಲಿಲ್ಲ. “ನಿನ್ನ ಮಶೀನಿಗೆ ಯಾರವಾ ಕೈ ಹಚ್ಚತಾರ? ಮುಟ್ಟಿದ್ರ ಮನಿ ಹಾರಿಸ್ತಿ.”

ಸಿಡಿ ಹಿಡಿದು ಬಿಜಾಪುರಕ್ಕೆ ಹೋದೆ. ಸ್ಟುಡಿಯೋದವರು ಮತ್ತೊಮ್ಮೆ ನೋಡಿ, ಫೋಟೊ ಗಟ್ಟಿಮುಟ್ಟಾಗಿದೆ ಅಂದರು. ಅಲ್ಲಿಂದ ಪ್ರಿಂಟರ್ ಅಂಗಡಿ. ಅಂಗಡಿಯಾತ ನನ್ನ ಒಡಕು ಹಾಳೆ ನೋಡಿದ ಕೂಡಲೇ ತೀರ್ಪು ಕೊಟ್ಟ. “ಪ್ರಿಂಟರ್ ಮುಗದೈತ್ರಿ ಅಕ್ಕಾರ. ಹಳೇದು ಕೊಟ್ಟು ಹೊಸಾದು ಒಯ್ರಿ.”

“ಪ್ರಿಂಟರ್ ಕಣ್ಣೀಲೆ ನೋಡಲಾರದ ಮುಗದೈತಿ ಅಂತೀರಿ. ಹಿಂಗ ನನ್ನ ನೋಡಿದ್ರ ರೊಕ್ಕ ಇದ್ದಾಕಿ ಹಂಗ ಕಾಣತೇನೇನು?”

ಆತ ನಕ್ಕು ಚಹಾ ತರಿಸಿದ. ಒಂದು ಕಾರ್ಟ್ರಿಜ್ ಕೊಂಡೆ. ಕೊಂಡ ಮೇಲೆ ಹಟ ಹಿಡಿದು ಕೂತೆ, ದರದಲ್ಲಿ ಬಿಡದಿದ್ದರೆ ಒಂದು ಸಲಹೆಯನ್ನಾದರೂ ಬಿಟ್ಟಿ ಕೊಡು ಎಂದು. ಬೇರೆ ಗಿರಾಕಿ ಒಳಗೆ ಬರುತ್ತಿದ್ದ. ನನ್ನನ್ನು ಎಬ್ಬಿಸಬೇಕಿತ್ತು. ಹೇಳಿಯೇಬಿಟ್ಟ.

“ಕಂಪ್ಯೂಟರ್ ವಾಯರ್ ತಗೀರಿ. ಪ್ರಿಂಟರ್ ಒಂದ ಇಟ್ಟು, ಅದರ ಬಟನ್ ಒತ್ತಿ ಹಿಡದು ಟೆಸ್ಟ್ ಪೇಜ್ ತಗೀರಿ. ಅದೂ ಒಡದು ಬಂದ್ರ, ಫೋಟೊಕ್ಕ ಯಾಕ ಬೈತೀರಿ, ಕಂಪ್ಯೂಟರಿಗ್ಯಾಕ ಬೈತೀರಿ?”

ಆ ದಿನದ ಬಸ್ ಚಾರ್ಜು ಅಲ್ಲಿಗೆ ವಸೂಲಾಯಿತು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನು. ಗೌರವ್ವ. ಈ ಸಲ ದನಿಯಲ್ಲಿ ನಗು ಇರಲಿಲ್ಲ.

“ಬ್ಯಾಡ ಬಿಡ್ರಿ ಅಕ್ಕಾರ. ಹೂವಿನ ಚಿತ್ರ ಹಾಕಿಬಿಡ್ರಿ. ಜೀವಂತ ಇದ್ದಾಕಿ ಮಾರಿ ದಿನಾ ಒಡೀತೈತಿ ಅಂದ್ರ ನನಗ ಹೆಂಗೆಂಗೋ ಆಗಾಕತ್ತೈತಿ.”

ಕೇಬಲ್ಲಿಗೆ ಉತ್ತರ ಇತ್ತು, ವೈರಸ್ಸಿಗೆ ಉತ್ತರ ಇತ್ತು. ಅಪಶಕುನಕ್ಕೆ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗುವುದಿಲ್ಲ. “ನಾಳೆ ಮಧ್ಯಾಹ್ನದ ತನಕ ತಡೀರಿ. ಆಗಲಿಲ್ಲಂದ್ರ ಹೂವ ಹಾಕ್ತೇನಿ,” ಅಂದೆ.

ಮರುದಿನ ಬೆಳಿಗ್ಗೆ ವಾಯರ್ ಕಿತ್ತು, ಸಾದಾ ಹಾಳೆ ಇಟ್ಟು, ಬಟನ್ ಒತ್ತಿ ಹಿಡಿದೆ. ಟೆಸ್ಟ್ ಪೇಜ್ ಬಂತು. ಅದೂ ಒಡೆದಿತ್ತು! ಅದನ್ನು ಅಜ್ಜಿಯ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಒಡೆಯಲು ಶುರುವಾಗಿದ್ದು ಒಂದೇ ಜಾಗದಲ್ಲಿ, ಹಾಳೆಯ ಎಡಗಡೆಯಿಂದ ನಾಲ್ಕು ಬೆರಳು ದಾಟಿದ ಮೇಲೆ. ಕುಂಚಿಗೆಯ ಪುಟ್ಟ ಹೆಸರು? ಅದು ಆ ನಾಲ್ಕು ಬೆರಳಿನೊಳಗೇ ಮುಗಿದಿತ್ತು. ಅದಕ್ಕೇ ಚೊಕ್ಕ.

ಮುಚ್ಚಳ ಎತ್ತಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ಇಂಕಿನ ಗಾಡಿ ಓಡಾಡುವ ಹಾದಿಯ ಹಿಂದೆ ಈ ತುದಿಯಿಂದ ಆ ತುದಿಗೆ ತೆಳ್ಳನೆಯ ಪಾರದರ್ಶಕ ಪಟ್ಟಿ. ಅದರ ಮೇಲೆ, ಎಡಗಡೆಯಿಂದ ಸರಿಯಾಗಿ ನಾಲ್ಕು ಬೆರಳಿನಾಚೆ, ಮೂರೆಳೆ ವಿಭೂತಿ. ನಡುವೆ ದುಂಡಗೆ ಕುಂಕುಮ.

ನೆಲದ ಮೇಲೆ ಕೂತು ನಕ್ಕೆ. ಮಹಬೂಬಿ ಬಗ್ಗಿ ನೋಡಿದವಳು ಕೌದಿಯಲ್ಲೇ ಮುಖ ಮುಚ್ಚಿಕೊಂಡಳು. ಗದ್ದಲ ಕೇಳಿ ಅತ್ತೆ ಬಂದರು.

“ಅತ್ತಿ, ಇದನ್ನ ಯಾರೂ ಮುಟ್ಟಿಲ್ಲ ಅಂದ್ರಿ?”

“ಯಾರು ಮುಟ್ಟ್ಯಾರ? ಖಂಡೇಪೂಜಿ ದಿನ ಪೂಜಿ ಮಾಡೇನಿ. ಪೂಜಿ ಮಾಡೂದು ಮುಟ್ಟಿಧಂಗೇನ?”

“ಪೂಜಿ ಮಾಡ್ರಿ. ಒಳಗ ಯಾಕ ಹಚ್ಚಿದ್ರಿ?”

“ಹ್ವಾದ ವರ್ಷ ಹೊರಗ ಹಚ್ಚಿದ್ರ ಬಿಳೇ ಮೈಗೆ ಕಲಿ ಆತು ಅಂತ ಸಂಜೀತನಾ ಒದರಾಡಿದಿ. ಅದಕ ಈ ಸಲ ಮುಚ್ಚಳಾ ತಗದು ಒಳಗ ಹಚ್ಚೇನಿ. ಹಣಿ ಯಾವುದು ಅಂತ ಭಾಳ ಹುಡಕಿದ್ನಿ. ಅಡ್ಡಕ್ಕ ಒಂದು ಪಟ್ಟಿ ಕಾಣಸ್ತು. ಅದ ಹಣಿ ಇರಬೇಕು ಅಂತ ಹಚ್ಚಿದ್ನಿ.”

ಇದಕ್ಕೆ ಯಾರಾದರೂ ಸಿಟ್ಟಾಗಲು ಸಾಧ್ಯವೇ? ಆಯುಧಪೂಜೆಯ ದಿನ ಹೊಲಿಗೆ ಯಂತ್ರಕ್ಕೂ ಮಿಕ್ಸರಿಗೂ ಹೊರಗೆ ಹಚ್ಚಿದವರು, ಸೊಸೆಯ ಹೊಟ್ಟೆಪಾಡಿನ ಯಂತ್ರಕ್ಕೆ ಮಾತ್ರ ಹಣೆ ಹುಡುಕಿ ಹಚ್ಚಿದ್ದರು!

ಆ ಪಟ್ಟಿಯೇ ಇಂಕಿನ ಗಾಡಿಗೆ ಮೈಲಿಗಲ್ಲು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿವೆ. ಗಾಡಿ ಅವನ್ನು ಓದುತ್ತಲೇ ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತದೆ. ವಿಭೂತಿ ಬಂದಲ್ಲಿ ಕಲ್ಲು ಕಾಣಲಿಲ್ಲ, ಹಾದಿ ತಪ್ಪಿತು, ಮೂಗನ್ನು ಸಿಕ್ಕಲ್ಲಿ ಇಳಿಸಿತು.

ಸ್ವಿಚ್ ಆಫ್ ಮಾಡಿ, ಹಳೆಯ ಮೆತ್ತನೆ ಧೋತರದ ತುಂಡನ್ನು ಒಂದಿಷ್ಟೇ ಒದ್ದೆ ಮಾಡಿ, ಎಳೆಯದೆ ಒತ್ತದೆ ಒರೆಸಿದೆ. ಒಣಗಲು ಬಿಟ್ಟು ಪ್ರಿಂಟ್ ಕೊಟ್ಟೆ. ಅಜ್ಜಿ ಇಡಿಯಾಗಿ ಹೊರಬಂದರು, ಒಂದೇ ಮೂಗು, ಅದರಲ್ಲೇ ಮೂಗುಬಟ್ಟು. ಅತ್ತೆ ಹಾಳೆಗೆ ಕೈ ಮುಗಿದರು. ಮಹಬೂಬಿ ಅಂದೇ ಕೌದಿ ಮುಗಿಸಿದಳು.

ಗುರುವಾರ ಸಂಜೆ ತಾಳಿಕೋಟೆಯಿಂದ ಫೋನು. ತೊಟ್ಟಿಲಿಗೆ ಹಾಕಿದ ಹೊತ್ತಿಗೇ ಕೂಸು ಮುತ್ತಜ್ಜಿಯ ಮುಖದ ಮೇಲೆ ಉಚ್ಚೆ ಹೊಯ್ದಿತ್ತಂತೆ. (ಬಣ್ಣ ಬಿಡಲಿಲ್ಲ. ನನ್ನ ಇಸ್ತ್ರಿ ಅಂಥದ್ದು.) ಗೌರವ್ವ ಅಂಜಿಕೊಂಡೇ ಅದನ್ನು ತಾಂಬಾಕ್ಕೆ ಫೋನಿನಲ್ಲಿ ಹೇಳಿದರೆ, ಮಲಗಿದಲ್ಲಿಂದಲೇ ಮುದುಕಿ ಕೂಗಿದರಂತೆ: “ಹಂಗಂದ್ರ ನಾ ತೊಟ್ಟಿಲಕ್ಕ ಬಂದಿದ್ನಿ ಅನ್ನೂದು ಖರೇ ಆತು ಬಿಡ!”

ಈಗ ನಿಮ್ಮ ಸರದಿ. ಚಿತ್ರ ಒಡೆದು ಬಂದರೆ ಮೊದಲು ವಾಯರ್ ತೆಗೆದು ಟೆಸ್ಟ್ ಪೇಜ್ ತೆಗೆಯಿರಿ, ಅದೂ ಅಗ್ಗದ ಹಾಳೆಯಲ್ಲಿ. ಒಡಕು ಪ್ರತಿಸಲ ಒಂದೇ ಜಾಗದಲ್ಲಿದ್ದರೆ ಮುಚ್ಚಳ ಎತ್ತಿ ಆ ಪಟ್ಟಿ ನೋಡಿ. ಸ್ಪಿರಿಟ್ ಹಚ್ಚಬೇಡಿ, ಗೆರೆಗಳೇ ಅಳಿಸಿಹೋದಾವು. ಯಾರು ಏನೇ ಹೇಳಲಿ, ಪಟ್ಟಿ ನೋಡುವ ತನಕ ಹೊಸ ಪ್ರಿಂಟರ್ ಕೊಳ್ಳಬೇಡಿ.

ಇನ್ನು ಮನೆಮಂದಿಯನ್ನು “ಯಾರು ಮುಟ್ಟಿದಿರಿ, ಯಾರು ಕೆಡಿಸಿದಿರಿ” ಎಂದು ಕೇಳಲೇಬೇಡಿ, ಉತ್ತರ ಬರುವುದಿಲ್ಲ. ಹೀಗೆ ಕೇಳಿ ನೋಡಿ: “ಇದಕ್ಕೆ ಒಳ್ಳೆಯದಾಗಲಿ ಅಂತ ಯಾರು ಏನು ಮಾಡಿದಿರಿ?”